ಡಬ್ಬದೊಳಗಿನ ಹಲ್ಲಿ

ಬೆಳಿಗ್ಗೆ ಹಲ್ಲಿ ಲೊಚಗುಟ್ಟಿತು. ಕೀಬೋರ್ಡಿನ ಮೇಲಿದ್ದ ನನ್ನ ಬೆರಳು ತಾನಾಗಿಯೇ ಮೇಜನ್ನು ಮೂರು ಸಲ ತಟ್ಟಿತು. ಹಾರನಹಳ್ಳಿಯ ನಮ್ಮ ತಾತನಿಂದ ಬಂದ ಅಭ್ಯಾಸ ಅದು. ಆಡಿದ ಮಾತಿನ ಹಿಂದೆಯೇ ಹಲ್ಲಿ ನುಡಿದರೆ ಆ ಮಾತು ನಿಜ ಎಂದು ಅವರು ನೆಲ ತಟ್ಟುತ್ತಿದ್ದರು.

ಆಗ ಚಿಕ್ಕಪ್ಪ ಅರಸೀಕೆರೆಯಿಂದ ಕಂಪ್ಯೂಟರ್ ತಂದು ತಾತನ ಮನೆಯಲ್ಲಿ ಜೋಡಿಸಿ, ಅಜ್ಜಿಯ ಸೋಬಾನೆ ಪದವೊಂದನ್ನು ಅದರಲ್ಲಿ ರೆಕಾರ್ಡ್ ಮಾಡಿದ್ದರು. ಅಜ್ಜಿ ತೀರಿಕೊಂಡ ಮೇಲೆ ತಾತ ದಿನಾ ಊಟ ಮುಗಿಸಿ ಅದನ್ನು ಕೇಳಲು ಕೂರುತ್ತಿದ್ದರು. ಆ ದನಿ ಬೇರೆಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಪರದೆ ಕಪ್ಪಾಗಿಯೇ ಉಳಿಯಿತು. ಕಂಪ್ಯೂಟರಿನ ಡಬ್ಬದೊಳಗಿನಿಂದ ಲೊಚ್ ಲೊಚ್ ಎಂಬ ಸದ್ದು ಬಂತು. ತಾತ ನೆಲ ತಟ್ಟಿದರು.

"ಹಲ್ಲಿ ಅಲ್ಲ ಕಣಪ್ಪ, ಹಾರ್ಡ್ ಡಿಸ್ಕ್ ಕೆಟ್ಟೈತೆ. ಅವ್ವನ ಪದ ಹೋದಂಗೆ," ಎಂದರು ಚಿಕ್ಕಪ್ಪ.

"ಸುಮ್ಕಿರ್ಲಾ. ನಿಮ್ಮವ್ವ ಒಳಗೇ ಅವ್ಳೆ."

ಲೊಚ್ ಲೊಚ್.

ಚಿಕ್ಕಪ್ಪ ನಕ್ಕು, ಪ್ಲಗ್ ಕಿತ್ತು, ಡಿಸ್ಕ್ ಬಿಚ್ಚಿ ತಾತನ ಅಂಗೈಯಲ್ಲಿಟ್ಟರು. "ತಗೋ, ಇದೇ ನಿನ್ನ ಹಲ್ಲಿ. ಕರೆಂಟಿಲ್ದೆ ನುಡಿಯಾಕಿಲ್ಲ."

"ಒಳಗೇ ಅವ್ಳೆ," ಎಂದರು ತಾತ ಮತ್ತೆ, ಮೆಲ್ಲಗೆ.

ಲೊಚ್ ಲೊಚ್.

ಚಿಕ್ಕಪ್ಪ ಗೋಡೆ, ಜಂತೆ, ಕ್ಯಾಲೆಂಡರಿನ ಹಿಂದೆ ಎಲ್ಲ ಹುಡುಕಿದರು. ಹಲ್ಲಿ ಇರಲಿಲ್ಲ. ಕೊನೆಗೆ ಅವರೂ ಕೂತು ನೆಲ ತಟ್ಟಿದರು.

ಆ ಡಿಸ್ಕ್ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಅದರಿಂದ ಏನನ್ನೂ ತೆಗೆಯಲಾಗದು ಎಂದು ರಿಪೇರಿಯವರು ಹೇಳಿ ವರ್ಷಗಳಾದವು. ಬೆಳಿಗ್ಗೆ ಹಲ್ಲಿ ಲೊಚಗುಟ್ಟಿತು ಎಂದೆನಲ್ಲ, ಗೋಡೆಯ ಕಡೆ ನಾನಿನ್ನೂ ನೋಡಿಲ್ಲ.