ಖಾಲಿ ಕಾಗದದ ಸಾಕ್ಷಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗುಡ್ಡದ ನೆತ್ತಿಯ ಮೇಲಿನ ಪುಟ್ಟ ಕಟ್ಟಡದ ತಾರಸಿಯಲ್ಲಿ ಒಬ್ಬ ಹೆಂಗಸು ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಾ ನಿಂತಿದ್ದಾರೆ. ಕಂಬಕ್ಕೆ ಕಟ್ಟಿದ ಬಟ್ಟೆಯ ಚೂರು ಎಡಕ್ಕೆ ಹಾರುತ್ತಿದೆ. ಅವರೂ ಅಲ್ಲಿರುವ ಯಂತ್ರಕ್ಕೆ ಸುತ್ತು ಹಾಕಿ ಎಡಕ್ಕೇ ಬಂದು ನಿಲ್ಲುತ್ತಾರೆ. ಗಾಳಿ ಮೊದಲು ಯಂತ್ರವನ್ನು ಮುಟ್ಟಬೇಕು, ಆಮೇಲೆ ಅವರನ್ನು. ಮುಖ ಆಚೆ ತಿರುಗಿಸಿ ಉಸಿರು ಎಳೆದು ಬಿಗಿಹಿಡಿಯುತ್ತಾರೆ. ಮುಚ್ಚಳ ತೆಗೆದು, ಚಿಮಟದಿಂದ ಅಂಗೈಯಗಲದ ದುಂಡು ಕಾಗದವೊಂದನ್ನು ಎತ್ತಿ ಡಬ್ಬಿಗೆ ಹಾಕಿ, ಹೊಸದೊಂದನ್ನು ಇಟ್ಟು ಮುಚ್ಚುತ್ತಾರೆ. ಹನ್ನೊಂದು ಸೆಕೆಂಡು. ಆಮೇಲೆ ಉಸಿರು ಬಿಟ್ಟು, ನೋಡಲು ಬಂದವರತ್ತ ತಿರುಗಿ, "ಈಗ ಮಾತಾಡಬಹುದು" ಎನ್ನುತ್ತಾರೆ.

ವಯಸ್ಸು ಐವತ್ತಮೂರು. ಕಚೇರಿಯ ದಾಖಲೆಯಲ್ಲಿ ಅವರ ಹುದ್ದೆ ಸಹಾಯಕಿ. ಗುಡ್ಡದ ಕೆಳಗಿನ ಜನರ ಬಾಯಲ್ಲಿ ಅವರು ಧೂಳಕ್ಕ. ಮೊದಮೊದಲು ಆ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಿದ್ದರಂತೆ. ಈಗ ಫೋನು ಎತ್ತಿದರೆ ತಾವೇ "ಧೂಳಕ್ಕ ಮಾತಾಡ್ತಿರೋದು, ಹೇಳಿ" ಎನ್ನುತ್ತಾರೆ. ಹದಿನೆಂಟು ವರ್ಷಗಳಿಂದ ದಿನಕ್ಕೊಂದರಂತೆ ಕಾಗದ ಬದಲಿಸಿದ್ದಾರೆ. ಆರು ಸಾವಿರ ದಾಟಿದೆ. ಗಾಳಿಯನ್ನು ಹೀರುವ ಯಂತ್ರ ಅದರಲ್ಲಿರುವ ಕಣ್ಣಿಗೆ ಕಾಣದ ಧೂಳನ್ನೆಲ್ಲ ಈ ಕಾಗದದ ಮೇಲೆ ಹಿಡಿದಿಡುತ್ತದೆ.

ಆ ಧೂಳಿಗೇಕೆ ಇಷ್ಟು ಉಪಚಾರ ಎಂದು ಕೇಳಿದರೆ ಎಂಟನೇ ಕ್ಲಾಸಿನವರೆಗೆ ಓದಿದ ಧೂಳಕ್ಕ ಅಡುಗೆಮನೆಯಿಂದಲೇ ಪಾಠ ಶುರು ಮಾಡುತ್ತಾರೆ. "ಹಾಲು ತಾನಾಗೇ ಮೊಸರಾಗಲ್ಲ, ಒಂದು ಚಮಚ ಹೆಪ್ಪು ಬೇಕು. ಮೋಡದಲ್ಲಿರೋ ನೀರೂ ಅಷ್ಟೇ. ಶುದ್ಧವಾಗಿದ್ರೆ ಸೊನ್ನೆ ಡಿಗ್ರಿ ದಾಟಿ ಮೂವತ್ತು ಡಿಗ್ರಿ ಕೆಳಗೆ ಹೋದ್ರೂ ನೀರಾಗೇ ಇರುತ್ತೆ, ಹಟಮಾರಿ. ಒಂದು ಧೂಳಿನ ಕಣ ಸಿಕ್ಕಿದ್ರೆ ಅದನ್ನ ಹಿಡ್ಕೊಂಡು ಮಂಜುಗಡ್ಡೆ ಆಗುತ್ತೆ." ತಣ್ಣನೆಯ ಮೋಡದಲ್ಲಿ ಹಾಗೆ ಹುಟ್ಟಿದ ಹರಳು ಸುತ್ತಲಿನ ತೇವ ಹೀರಿ ದಪ್ಪವಾಗುತ್ತದೆ, ಭಾರಕ್ಕೆ ಇಳಿಯುತ್ತದೆ, ದಾರಿಯಲ್ಲಿ ಕರಗಿ ಮಳೆಯಾಗುತ್ತದೆ. ಎಲ್ಲ ಧೂಳೂ ಈ ಕೆಲಸಕ್ಕೆ ಬರುವುದಿಲ್ಲ. ಲಕ್ಷ ಕಣಗಳಲ್ಲಿ ಒಂದೋ ಎರಡೋ. ಯಾವ ಧೂಳು ಎಷ್ಟು ಚಳಿಯಲ್ಲಿ ಕೆಲಸಕ್ಕಿಳಿಯುತ್ತದೆ ಎಂದು ಪತ್ತೆಹಚ್ಚುವುದೇ ಈ ಕಟ್ಟಡದ ಕಸುಬು.

ಪತ್ತೆ ಹಚ್ಚುವ ಕೋಣೆಯಲ್ಲಿ ಒಂದು ಮೇಜು, ಒಂದು ಸ್ಟೂಲು, ಗುಂಯ್‌ಗುಡುವ ಫ್ರಿಜ್ಜು. ಕಾಗದವನ್ನು ಶುದ್ಧ ನೀರಿನಲ್ಲಿ ಅಲ್ಲಾಡಿಸಿ, ಆ ನೀರನ್ನು ತೊಂಬತ್ತಾರು ಗುಳಿಗಳ ತಟ್ಟೆಗೆ ಹನಿಹನಿಯಾಗಿ ಬಿಟ್ಟು, ತಟ್ಟೆಯನ್ನು ಮೆಲ್ಲನೆ ತಣ್ಣಗೆ ಮಾಡುತ್ತಾ ಹೋಗಬೇಕು. ತಿಳಿಯಾಗಿದ್ದ ಹನಿ ಇದ್ದಕ್ಕಿದ್ದಂತೆ ಕಣ್ಣಿಗೆ ಪೊರೆ ಬಂದಂತೆ ಬೆಳ್ಳಗಾದರೆ ಅದು ಗಡ್ಡೆಕಟ್ಟಿತು ಎಂದರ್ಥ. ಎಷ್ಟನೇ ಡಿಗ್ರಿಗೆ ಎಷ್ಟು ಹನಿ ಎಂದು ಬರೆಯಬೇಕು. ಈಗ ಕ್ಯಾಮೆರಾ ಬಂದಿದೆ, ಅದೇ ಎಣಿಸುತ್ತದೆ. ಧೂಳಕ್ಕ ಮಾತ್ರ ಪಕ್ಕದಲ್ಲಿ ಕೂತು ತಾವೂ ಎಣಿಸುತ್ತಾರೆ. "ಅದು ಚೆನ್ನಾಗೇ ಎಣಿಸುತ್ತೆ. ಆದ್ರೂ ನನಗೆ ಸಮಾಧಾನ ಆಗಬೇಕಲ್ಲ."

ಇಲ್ಲಿಗೆ ಬರುವ ಮುಂಚೆ ಅವರು ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆ ತೊಳೆಯುತ್ತಿದ್ದರು. ಗುತ್ತಿಗೆ ಮುಗಿದು ಮನೆಯಲ್ಲಿ ಕೂತಿದ್ದಾಗ, ಬಸ್ ಓಡಿಸುವ ಗಂಡ ಗುಡ್ಡದ ಮೇಲೆ ಕಸ ಗುಡಿಸುವವರು ಬೇಕಂತೆ ಎಂಬ ಸುದ್ದಿ ತಂದರು. ಪೊರಕೆ ಹಿಡಿಯಲು ಬಂದ ಹೆಂಗಸು ಮೇಜು ಒರೆಸುವಾಗ ಒಂದು ವಸ್ತುವಿನ ಮೇಲೂ ಬೆರಳು ತಾಗಿಸದಿದ್ದುದನ್ನು ಅಲ್ಲಿದ್ದ ವಿಜ್ಞಾನಿಯೊಬ್ಬರು ಗಮನಿಸಿ ಚಿಮಟ ಕೊಟ್ಟರು. "ಅಲ್ಲಿ ಧೂಳು ಅಂದ್ರೆ ವೈರಿ, ಇಲ್ಲಿ ಅತಿಥಿ. ಕೈ ತೊಳೆಯೋದು ಮಾತ್ರ ಎರಡೂ ಕಡೆ ಒಂದೇ" ಎಂದು ನಗುತ್ತಾರೆ. ಮೊಣಕೈಯವರೆಗೆ ತೊಳೆದೂ ತೊಳೆದೂ ಅವರ ಚರ್ಮ ಸದಾ ಬಿರುಕುಬಿಟ್ಟಿರುತ್ತದೆ. ಕ್ರೀಮು ಹಚ್ಚುವಂತಿಲ್ಲ. ಅದೂ ಕಾಗದಕ್ಕೆ ಅಂಟೀತು.

ಇಷ್ಟಾದರೂ ಕೈಯನ್ನು ನಂಬದಿರುವುದು ಇಲ್ಲಿಯ ಪದ್ಧತಿ. ಅದಕ್ಕೇ ವಾರಕ್ಕೊಮ್ಮೆ ಒಂದು ಖಾಲಿ ಕಾಗದ. ಎಲ್ಲ ಕಾಗದಗಳಂತೆಯೇ ಅದನ್ನೂ ಎತ್ತಬೇಕು, ಇಡಬೇಕು, ಡಬ್ಬಿಗೆ ಹಾಕಬೇಕು. ಗಾಳಿಯನ್ನು ಮಾತ್ರ ಹೀರಿಸಬಾರದು. ಅಲ್ಲಿಗೆ ಅದರ ಮೇಲೆ ಏನಾದರೂ ಸಿಕ್ಕರೆ ಅದು ಆಕಾಶದ್ದಲ್ಲ, ಧೂಳಕ್ಕನದು. ಈ ಕಾಗದಗಳನ್ನು ಫ್ರೀಜರಿನಲ್ಲಿಟ್ಟು ಋತು ಮುಗಿದ ಮೇಲೆ ಒಟ್ಟಿಗೆ ಪರೀಕ್ಷೆ ಮಾಡುತ್ತಾರೆ. ಬಹಳ ಕಡೆ ಇದನ್ನು ಇವತ್ತು ನಾಳೆ ಎಂದು ಹಾರಿಸಿಬಿಡುವುದುಂಟು. ಧೂಳಕ್ಕ ಹದಿನೆಂಟು ವರ್ಷದಲ್ಲಿ ಒಂದು ವಾರವೂ ತಪ್ಪಿಸಿಲ್ಲ.

ಹೋದ ವರ್ಷ ಅವರ ನೌಕರಿಯ ಅಳಿವು ಉಳಿವು ನಿಂತಿದ್ದು ಈ ಖಾಲಿ ಕಾಗದಗಳ ಮೇಲೆಯೇ. ಸಾಮಾನ್ಯವಾಗಿ ಇಲ್ಲಿಯ ಹನಿಗಳು ಗಡ್ಡೆಕಟ್ಟಲು ಶುರುವಾಗುವುದು ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಹೋದ ವರ್ಷ ಎಂಟು ವಾರ ಅವು ಸೊನ್ನೆಯಿಂದ ಏಳೇ ಡಿಗ್ರಿ ಕೆಳಗಿಳಿದಾಗ ಗಡ್ಡೆಕಟ್ಟತೊಡಗಿದವು. ಮುಖ್ಯ ಕಚೇರಿಗೆ ಅನುಮಾನ ಬಂತು. ಕಾಗದ ಮುಟ್ಟುವ ಕೈಯೇ ಕೊಳಕಾಗಿದೆ, ಎಂಟು ವಾರದ ಅಂಕಿಗಳನ್ನು ಕಸಕ್ಕೆ ಹಾಕಿ, ತಾನಾಗಿ ಕಾಗದ ಬದಲಿಸುವ ಯಂತ್ರ ತರೋಣ ಎಂಬ ಮಾತೂ ಬಂತು. ಖಾಲಿ ಕಾಗದಗಳನ್ನು ನೋಡಿ ತೀರ್ಮಾನಿಸಲು ಹಿರಿಯ ವಿಜ್ಞಾನಿ ಹೊರಟಿದ್ದಾರೆ ಎಂದು ಧೂಳಕ್ಕನಿಗೆ ಸುದ್ದಿ ಮುಟ್ಟಿತು. ಆ ಎಂಟು ವಾರಗಳ ಖಾಲಿ ಕಾಗದಗಳಲ್ಲಿ ಮೂರನೆಯದು ಕೆಟ್ಟಿದೆ ಎಂದು ಅವರೊಬ್ಬರಿಗೇ ಗೊತ್ತಿತ್ತು.

ಮೂರನೇ ವಾರದಲ್ಲಿ ಮಗಳು ಬಾಣಂತಿಯಾಗಿ ಮನೆಗೆ ಬಂದಿದ್ದಳು. ಖಾಲಿ ಕಾಗದದ ದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಕೂಸು ಅತ್ತಿತು. ಅಜ್ಜಿಯಾದವರು ಹೇಗೆ ಸುಮ್ಮನೆ ಹೊರಡುತ್ತಾರೆ? ಎತ್ತಿಕೊಂಡರು, ಒರೆಸಿದರು, ಪೌಡರು ಹಚ್ಚಿದರು, ಮುದ್ದಾಡಿದರು. ಗುಡ್ಡದ ಮೇಲೆ ಕೈ ತೊಳೆದರೂ ತೋಳಿನ ಮಡಿಕೆಯಲ್ಲಿ ಬಿಳಿ ಗೀರೊಂದು ಉಳಿದಿತ್ತು. ಅದು ಕಣ್ಣಿಗೆ ಬಿದ್ದದ್ದು ಖಾಲಿ ಕಾಗದವನ್ನು ಡಬ್ಬಿಗೆ ಹಾಕಿದ ಮೇಲೆ. ಅಂದೇ ತಮ್ಮ ನೋಟುಪುಸ್ತಕದಲ್ಲಿ ಬರೆದಿಟ್ಟರು: "ತೋಳಿನ ಮೇಲೆ ಪಾಪುವಿನ ಪೌಡರ್. ತಪ್ಪು ನನ್ನದು."

ಆ ನೋಟುಪುಸ್ತಕ ಅವರ ಸ್ವಂತದ್ದು, ಕಚೇರಿಯವರು ಕೇಳಿದ್ದು ಬರೀ ಕಾಗದಗಳನ್ನು. ಒಂದು ಹೊಸ ಖಾಲಿ ಕಾಗದ ಇಟ್ಟರೆ ಯಾರಿಗೆ ತಿಳಿಯುತ್ತದೆ ಎಂದು ಮಗಳೇ ಕೇಳಿದಳು. "ಖಾಲಿ ಕಾಗದ ಅಂದ್ರೆ ಆ ವಾರದ ನನ್ನ ಕೈ" ಎಂದರು ಧೂಳಕ್ಕ. "ಮೂರನೇ ವಾರದ ಕೈನ ಈಗ ಎಲ್ಲಿಂದ ತರ್ಲಿ?" ಹಾಗೆಂದರೂ ಎರಡು ದಿನ ಊಟ ಸೇರಲಿಲ್ಲ. ವಿಜ್ಞಾನಿ ಬಂದು ಕುರ್ಚಿಯಲ್ಲಿ ಕೂರುವುದಕ್ಕೆ ಮುಂಚೆಯೇ ಆ ಪುಟ ತೆರೆದು ಮೇಜಿನ ಮೇಲಿಟ್ಟುಬಿಟ್ಟರು.

ಇಬ್ಬರೂ ತಟ್ಟೆಯ ಮುಂದೆ ಕೂತರು. ಏಳು ಕಾಗದಗಳ ಹನಿಗಳು ಇಪ್ಪತ್ತೈದು ಡಿಗ್ರಿ ಕೆಳಗಿಳಿದರೂ ತಿಳಿಯಾಗೇ ಇದ್ದವು. ಪೌಡರು ತಾಗಿದ ಮೂರನೆಯದು ಹದಿನಾರಕ್ಕೆ ಬೆಳ್ಳಗಾಯಿತು. ವಿಜ್ಞಾನಿ ನೋಟುಪುಸ್ತಕದ ಆ ಪುಟವನ್ನು ಇನ್ನೊಮ್ಮೆ ಓದಿದರು. ಕೊನೆಗೆ, "ಅಮ್ಮಾ, ನಿಮ್ಮ ಕೈ ಕೊಳೆಯಾದಾಗಲೂ ಹದಿನಾರೇ. ಏಳಕ್ಕೆ ಗಡ್ಡೆಕಟ್ಟಿದ್ದು ನಿಮ್ಮದಲ್ಲ" ಎಂದರು. ಗಾಳಿ ಹೀರಿದ ಕಾಗದಗಳ ನೀರನ್ನು ಕುದಿಸಿ ನೋಡಿದರು. ಏಳಕ್ಕೆ ಕಟ್ಟುವ ಶಕ್ತಿ ಹೊರಟುಹೋಗಿತ್ತು. ಮಣ್ಣಿನ ಧೂಳಾಗಿದ್ದರೆ ಕುದಿಸಿದರೂ ಜಗ್ಗುತ್ತಿರಲಿಲ್ಲ. ಇದು ಜೀವವಿದ್ದದ್ದು, ಎಲೆಗಳ ಮೇಲೆ ಬದುಕುವ ಬ್ಯಾಕ್ಟೀರಿಯಾ. ಅದು ಗುಡ್ಡ ಹತ್ತಿದ್ದು ಹೇಗೆ ಎಂಬುದಕ್ಕೂ ಉತ್ತರ ನೋಟುಪುಸ್ತಕದಲ್ಲೇ ಇತ್ತು. "ಕೆಳಗೆ ಕೊಯ್ಲಿನ ಯಂತ್ರ. ಗಾಳಿ ಆ ಕಡೆಯಿಂದ" ಎಂದು ಬರೆದ ದಿನಗಳೆಲ್ಲ ಏಳು ಡಿಗ್ರಿಯ ದಿನಗಳು. ಕೊಯ್ಲಿನ ಹೊಟ್ಟಿನೊಂದಿಗೆ ಹಾರಿದ ಎಲೆಪುಡಿ ಮೋಡಕ್ಕೆ ಹೆಪ್ಪು ಹಾಕಲು ಹೊರಟಿತ್ತು.

ಎಂಟು ವಾರದ ಅಂಕಿಗಳು ಉಳಿದವು, ನೌಕರಿಯೂ ಉಳಿಯಿತು. ಅವುಗಳಿಂದ ಒಂದು ಪ್ರಬಂಧವೂ ಹೊರಬಂತು. ಅದರ ಕೊನೆಯ ಸಾಲಿನಲ್ಲಿ "ಸ್ಥಳೀಯ ಸಹಾಯಕಿಗೆ ಕೃತಜ್ಞತೆ" ಎಂದಿದೆ. ಧೂಳಕ್ಕ ಅದನ್ನು ಯಾರಿಗೂ ತೋರಿಸಿಕೊಂಡು ತಿರುಗಿಲ್ಲ. ಗಂಡ ಮಾತ್ರ ಆ ಪುಟವನ್ನು ಮಡಚಿ ಬಸ್ಸಿನ ಡ್ಯಾಷ್‌ಬೋರ್ಡಿನಲ್ಲಿ ಇಟ್ಟುಕೊಂಡಿದ್ದಾರೆ.

ಆ ಮೂರನೇ ಕಾಗದ ಈಗಲೂ ಫ್ರೀಜರಿನಲ್ಲಿದೆ. ಲಕೋಟೆಯ ಮೇಲೆ "ಲೆಕ್ಕಕ್ಕಿಲ್ಲ" ಎಂದು ಅವರದೇ ಅಕ್ಷರ. ಅಂದಿನಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವರು ಮೊಮ್ಮಗಳನ್ನು ಮುಟ್ಟಿಲ್ಲ. ಈಗ ಕೂಸಿಗೆ ಒಂದು ವರ್ಷ, ಮಗಳ ಜೊತೆ ಅಜ್ಜಿಯ ಮನೆಯಲ್ಲೇ ಇದೆ. ಮೊದಲೆಲ್ಲ ಎರಡೂ ತೋಳು ಚಾಚಿ ರಚ್ಚೆ ಹಿಡಿಯುತ್ತಿತ್ತು. ಅಜ್ಜಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲು ದಾಟುತ್ತಿದ್ದರು. ಈಗ ಅದು ತೋಳು ಚಾಚುವುದನ್ನೇ ಬಿಟ್ಟಿದೆ, ಕೂತಲ್ಲಿಂದಲೇ ಟಾಟಾ ಮಾಡುತ್ತದೆ. ಅದನ್ನು ಹೇಳಿ ಧೂಳಕ್ಕ ಇಂದಿನ ಹನಿಗಳ ತಟ್ಟೆಯ ಮುಂದೆ ಹೋಗಿ ಕೂರುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ತಟ್ಟೆಯ ಕೊನೆಯ ಹನಿ ಬೆಳ್ಳಗಾಗುವವರೆಗೂ ಎಣಿಸುತ್ತಾರೆ. ಅಂಕಿ ಬರೆದು ಪೆನ್ನು ಮುಚ್ಚುತ್ತಾರೆ.

"ರಿಟೈರ್ ಆಗೋಕೆ ಇನ್ನೂ ಐದು ವರ್ಷ ಇದೆ. ಅದರ ಮಾರನೇ ದಿನ ಬೆಳಿಗ್ಗೆ, ಎದ್ದ ತಕ್ಷಣ, ಮುಖ ಕೂಡ ತೊಳೀದೆ ಅದನ್ನ ಎತ್ಕೋಬೇಕು. ಅಷ್ಟೊತ್ತಿಗೆ ಅದಕ್ಕೆ ಆರು ವರ್ಷ ಆಗಿರುತ್ತೆ, ಭಾರ ಇರುತ್ತೆ. ನನಗೂ ಸೊಂಟ ನೋವು. ಇರಲಿ, ಎತ್ಕೊಂಡೇ ಎತ್ಕೋತೀನಿ."