ಆಯುಧಪೂಜೆಗೆ ಬಂದ ಟೇಪುಗಳು

ಎಂಬತ್ತರ ದಶಕದ ಕೊನೆಯಲ್ಲಿ ಶಿರಾ ಗೇಟ್ ಬಳಿಯ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ತೆಂಗು ಬೆಳೆಗಾರರ ಸಣ್ಣ ಸಂಘ ನಮ್ಮದು. ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಡಿಪೋ ಇತ್ತು; ಸದಸ್ಯರು ತಂದ ಕೊಬ್ಬರಿಯನ್ನು ಅಲ್ಲಿ ತೂಗಿ ಚೀಟಿ ಬರೆದಿಡುತ್ತಿದ್ದರು. ನಾನು ವ್ಯವಸ್ಥಾಪಕ. ಯಂತ್ರ ಬಂದ ದಿನವೇ ನಮ್ಮ ಅಧ್ಯಕ್ಷರು ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಬೆರಳಲ್ಲಿ ಎತ್ತಿ ನೋಡುತ್ತ ಹೇಳಿದ್ದರು: "ನೋಡ್ರಿ, ಒಬ್ಬನೇ ಒಬ್ಬ ಮೆಂಬರ್ ತೂಕ ಇದ್ರೊಳಗೆ ಕಳ್ದೋದ್ರೂ ಮೆಷಿನ್ನೂ ವಾಪಸ್ಸು, ಆ ಹುಡ್ಗೀನೂ ವಾಪಸ್ಸು."

ಆ ಹುಡುಗಿ ಎಂದರೆ ಉಪ್ಪಾರಹಳ್ಳಿಯಿಂದ ನಡೆದು ಬರುತ್ತಿದ್ದ ನಮ್ಮ ಆಪರೇಟರ್. ಕೆಲಸ ತಾತ್ಕಾಲಿಕ. ಕಣ್ಣು ಮಂಜಾಗಿ ತಂದೆ ಹೊಲಿಗೆ ಅಂಗಡಿ ಮುಚ್ಚಿದ್ದರು. ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲಿ. ಅಧ್ಯಕ್ಷರ ಮಾತು ಕೇಳಿಸಿಕೊಂಡೇ ಅವಳು ಕೀಬೋರ್ಡಿನ ಧೂಳು ಒರೆಸುತ್ತಿದ್ದಳು.

ನಾನು ಹಾಸ್ಟೆಲ್ಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಆದ್ದರಿಂದ ಟೇಪುಗಳ ಸರದಿಯನ್ನು ನಾನೇ ಹಾಕಿದೆ. ಹಾಡಿನ ಕ್ಯಾಸೆಟ್ಟಿಗಿಂತ ದಪ್ಪನೆಯ ಟೇಪುಗಳವು. ದಿನದ ಕೆಲಸ ಮುಗಿದ ಮೇಲೆ ಯಂತ್ರದಲ್ಲಿದ್ದುದನ್ನೆಲ್ಲ ಆಯಾ ದಿನದ ಹೆಸರು ಬರೆದ ಟೇಪಿಗೆ ನಕಲು ಮಾಡಬೇಕು. ಶನಿವಾರದ ಟೇಪು ಗುಬ್ಬಿ ಡಿಪೋಗೆ ಹೋಗಬೇಕು, ಅಲ್ಲಿದ್ದ ಹಿಂದಿನ ವಾರದ್ದು ವಾಪಸು ಬರಬೇಕು. ತಿಂಗಳ ಕೊನೆಯದು ಕುಣಿಗಲ್ಲಿಗೆ. ಇಲ್ಲಿ ಬೆಂಕಿ ಬಿದ್ದರೂ ಅಲ್ಲಿ ಉಳಿದಿರುತ್ತದೆ, ಇಷ್ಟೇ ಅದರ ಅರ್ಥ. ಹೇಳುವುದು ಸುಲಭ. ಪ್ರತಿ ಶನಿವಾರ ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ನಿಂತು, ಕಂಡಕ್ಟರ್ ಕೈಗೆ ಡಬ್ಬಿ ಕೊಟ್ಟು, "ಎಂಜಿನ್ ಮೇಲೆ ಮಾತ್ರ ಇಡಬೇಡಪ್ಪ" ಎಂದು ಅದೇ ಮಾತು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

"ಏನ್ ಸಾ, ಅದೇ ಡಬ್ಬಿ ಹೋಯ್ತದೆ, ಅದೇ ಡಬ್ಬಿ ಬತ್ತದೆ. ಟಿಕೆಟ್ ಬೇರೆ ಮಾಡ್ಸಿ ಅದ್ಕೆ," ಎಂದು ಕಂಡಕ್ಟರ್ ನಗುತ್ತಿದ್ದ.

ಆ ವರ್ಷದ ಆಯುಧಪೂಜೆಯ ಹಿಂದಿನ ದಿನ ಅಧ್ಯಕ್ಷರು ಎರಡೂ ಡಿಪೋಗೆ ಫೋನ್ ಮಾಡಿಸಿದರು. ತಕ್ಕಡಿ, ತೂಕದ ಕಲ್ಲು, ಲಾರಿಯ ಕೀಲಿಕೈ ಎಲ್ಲ ಎಂದಿನಂತೆ ಪೂಜೆಗೆ ಬರಲಿ. ಈ ಸಲ ಟೇಪುಗಳೂ ಬರಲಿ.

"ಎಲ್ಲ ಒಂದೇ ಕಡೆ ಸೇರಿಸಬಾರದು ಸರ್. ಅದಕ್ಕೇ ತಾನೆ ದೂರ ಇಟ್ಟಿರೋದು," ಎಂದೆ.

"ವರ್ಷಕ್ಕೊಂದಿನ ಕಣ್ರೀ! ಸುತ್ತಿಗೆಗೂ ಪೂಜೆ ಮಾಡ್ತೀವಿ, ನಿಮ್ಮ ಟೇಪೇನು ಪಾಪ ಮಾಡೈತಾ? ಬುಡಿ ಅತ್ಲಾಗೆ."

ವಾದಿಸಿದೆ, ಸೋತೆ. ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡಿಯೇ ಪೂಜೆಗೆ ಕೂರಿಸಿದರು, ಪರದೆ ಬೆಳಗುತ್ತಿದ್ದರೆ ಲಕ್ಷಣ ಎಂದು. ಅದರ ಮುಂದೆ ಬಾಳೆಎಲೆ ಹಾಸಿ ವಾರದ ಟೇಪುಗಳು, ಗುಬ್ಬಿಯಿಂದ ಬಂದದ್ದು, ಎಲ್ಲವನ್ನೂ ಸಾಲಾಗಿ ಇಟ್ಟರು. ನಾನು ಡಬ್ಬಿಯೊಳಗೇ ಇರಲಿ ಎಂದೆ. ಪೂಜೆಗೆ ಬಂದಿದ್ದ ಐನೋರು ಒಪ್ಪಲಿಲ್ಲ. "ಪೂಜೆ ಆಯುಧಕ್ಕೆ ಸ್ವಾಮಿ, ಡಬ್ಬಿಗಲ್ಲ." ಟೇಪಿನ ಮುಚ್ಚಳದ ಸಂದಿಗೇ ಅರಿಶಿನ, ಕುಂಕುಮ, ವಿಭೂತಿ ಬಿತ್ತು. ತೀರ್ಥ ಚಿಮುಕಿಸಿದರು. ಕರ್ಪೂರದ ಮಸಿ ಹೊಗೆಯನ್ನು ಯಂತ್ರದ ಫ್ಯಾನು ಸೊರ್ ಎಂದು ಒಳಗೆಳೆದುಕೊಳ್ಳುವುದನ್ನು ನಾನು ಕಡುಬು ತಿನ್ನುತ್ತ ನೋಡಿದೆ. ಆಪರೇಟರ್ ಮೂಲೆಯಲ್ಲಿ ನಿಂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಕುಣಿಗಲ್ಲಿನ ಟೇಪು ಮಾತ್ರ ಬಂದಿರಲಿಲ್ಲ. ಅಲ್ಲಿನ ಡಿಪೋ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು, ಮನೆ ಅಮೃತೂರಿನಲ್ಲಿ. "ಹೇಳಿದ ಮಾತು ಕೇಳೋರು ಒಬ್ರೂ ಇಲ್ಲ ಈ ಸಂಘದಲ್ಲಿ," ಎಂದು ಅಧ್ಯಕ್ಷರು ಸಿಡುಕಿದರು.

ರಜೆ ಮುಗಿಸಿ ಬಾಗಿಲು ತೆರೆದಾಗ ಯಂತ್ರ ಏಳಲಿಲ್ಲ. ಒಳಗೆ ಕರಕರ ಸದ್ದು. ಬೆಂಗಳೂರಿನಿಂದ ಬಂದ ಎಂಜಿನಿಯರು ಬಿಚ್ಚಿ ನೋಡಿ, ಡಿಸ್ಕು ಹೋಗಿದೆ, ಹೊಸದು ಹಾಕಬೇಕು ಎಂದರು. "ಬ್ಯಾಕಪ್ ಇದೆ ತಾನೆ?"

"ಇದೆ," ಎಂದಳು ಆಪರೇಟರ್. 

ಹೊಸ ಡಿಸ್ಕು ಹಾಕಿ, ಒರೆಸಿದ ಟೇಪೊಂದನ್ನು ತೂರಿಸಿದರು. ಅದು ಕೊಂಚ ದೂರ ಓಡಿ ಸಿಕ್ಕಿಕೊಂಡಿತು. ಎಳೆದು ತೆಗೆದರೆ ಅಂಚೆಲ್ಲ ಕೆಂಪು. ಎಂಜಿನಿಯರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಯಂತ್ರದ ಬಾಯಿ ಒರೆಸಿದರು, ಹತ್ತಿಯೂ ಕೆಂಪಾಯಿತು. "ಇದೇನ್ರೀ ಇದು, ಕುಂಕುಮಾನಾ?" ಎಂದು ನಮ್ಮ ಮುಖ ನೋಡಿದರು. "ಇನ್ಯಾವುದನ್ನೂ ಹಾಕಬೇಡಿ, ಟೇಪು ಓದೋ ಹೆಡ್ಡೇ ಹೋಗತ್ತೆ. ಪೂಜೆ ಆಗದೇ ಇರೋದು ಯಾವುದಾದ್ರೂ ಇದ್ಯಾ?"

ಕುಣಿಗಲ್ಲಿಗೆ ಟ್ರಂಕ್ ಕಾಲ್ ಮಾಡಿದೆ. ಸಾಹೇಬರು ಬೈಸಿಕೊಳ್ಳಲು ಸಿದ್ಧರಾಗಿಯೇ ಮಾತಾಡಿದರು. "ತಪ್ಪು ತಿಳ್ಕೋಬೇಡಿ ಸಾರ್. ಬೆಳಿಗ್ಗೇನೇ ಬರಾಣ ಅಂತ ಹಿಂದಿನ ದಿನಾನೇ ಟೇಪು ಮನೇಗೆ ತಂದಿದ್ದೆ. ಬಸ್ಸಿಗೆ ಹೋದ್ರೆ ಬಸ್ಸಿಗೇ ಬಾಳೆಕಂದು ಕಟ್ಟವ್ರೆ. ಡ್ರೈವರ್ ಕೆರೆತಾವ ಗಾಡಿ ತೊಳೀತಾವ್ನೆ. 'ಇವತ್ತು ಗಾಡಿಗೇ ಪೂಜೆ ಸಾಹೇಬ್ರೆ, ನೀವೂ ಪುರಿ ತಿಂದ್ಕೊಂಡು ಹೋಗಿ' ಅಂದ. ನಾನೇನ್ ಮಾಡ್ಲಿ?"

"ಟೇಪು ಎಲ್ಲಿದೆ?"

"ಮನೆಯವಳ ಟ್ರಂಕಲ್ಲಿ, ರೇಷ್ಮೆ ಸೀರೆ ಮಧ್ಯ. ಅದ್ಕಿಂತ ಭದ್ರ ಜಾಗ ನಮ್ಮನೇಲಿಲ್ಲ ಸಾರ್."

ಮಧ್ಯಾಹ್ನ ಬಿಳಿ ಟವೆಲ್ಲಿನಲ್ಲಿ ಸುತ್ತಿಕೊಂಡು ಅವರೇ ತಂದರು. ಟೇಪಿಗೆ ಅತ್ತರಿನ ವಾಸನೆ ಹತ್ತಿತ್ತು. ಯಂತ್ರ ಅದನ್ನು ಓದುವಷ್ಟು ಹೊತ್ತೂ ಆಪರೇಟರ್ ಕುರ್ಚಿಯಲ್ಲಿ ಕೂರಲಿಲ್ಲ. ಅಧ್ಯಕ್ಷರು ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಕೊನೆಗೆ ಸದಸ್ಯರ ಹೆಸರುಗಳು ಪರದೆಯ ಮೇಲೆ ಒಂದೊಂದಾಗಿ ಏರತೊಡಗಿದವು. ಸಾಹೇಬರು ಏನೋ ಮೆಲ್ಲಗೆ ಹೇಳಿಕೊಂಡು ಕಣ್ಣಿಗೆ ಕೈ ಒತ್ತಿಕೊಂಡರು.

ಹಿಂದಿನ ತಿಂಗಳ ಕೊನೆಯವರೆಗಿನದು ಸಿಕ್ಕಿತು. ಅಲ್ಲಿಂದ ಹಬ್ಬದವರೆಗಿನದು ಸಿಕ್ಕಲಿಲ್ಲ. ತೂಕದ ಚೀಟಿಗಳ ಕಟ್ಟುಗಳನ್ನು ಡಿಪೋಗಳಿಂದ ತರಿಸಿದೆ. ನಾನು ಓದುತ್ತ ಹೋದೆ, ಅವಳು ಟೈಪು ಹೊಡೆಯುತ್ತ ಹೋದಳು. ಆ ದೀಪಾವಳಿ ನಮಗಿಬ್ಬರಿಗೂ ಚೀಟಿಗಳಲ್ಲೇ ಕಳೆಯಿತು. ನನ್ನ ಗಂಟಲು ಕಟ್ಟಿತು. ಅವಳು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಳು.

ಮುಗಿದ ದಿನ ಅಧ್ಯಕ್ಷರು ಬಂದು ಪರದೆಯ ಮುಂದೆ ಬಗ್ಗಿದರು. "ಯಾರ್ದೂ ಕಳ್ದಿಲ್ವಾ?"

"ಇಲ್ಲ ಸರ್. ಬೇಕಾದ್ರೆ ನಿಮ್ಮ ತೋಟದ್ದೇ ನೋಡಿ," ಎಂದು ಅವಳು ತೋರಿಸಿದಳು.

ಅವರು ತಮ್ಮ ಹೆಸರಿನ ಮುಂದಿನ ತೂಕಗಳನ್ನು ಬೆರಳಿಟ್ಟು ಓದಿದರು, ಕನ್ನಡಕ ತೆಗೆದರು. "ಸರಿ, ಇರು ಬುಡಮ್ಮ," ಎಂದರು. ಅಷ್ಟೇ. ಅವಳ ಕೆಲಸದ ಕಾಯಂ ಆದೇಶಕ್ಕೆ ನಾನು ಮತ್ತೆ ಮತ್ತೆ ಕಡತ ಕಳಿಸಬೇಕಾಯಿತು. ಅದು ಬರುವಷ್ಟರಲ್ಲಿ ಮತ್ತೊಂದು ದಸರೆ ಹತ್ತಿರ ಬಂದಿತ್ತು.

ಆಗ ಟೇಪುಗಳನ್ನು ಪೂಜೆಗೆ ತರಿಸಲು ಅಧ್ಯಕ್ಷರು ಮತ್ತೆ ಫೋನ್ ಎತ್ತಿಕೊಂಡರು. ಹಿಂದಿನ ವರ್ಷದ್ದೆಲ್ಲ ನಾನು ಮೊದಲಿನಿಂದ ವಿವರಿಸಬೇಕಲ್ಲ ಎಂದು ನನಗೆ ಕೂತಲ್ಲೇ ಸುಸ್ತಾಯಿತು. ಅಷ್ಟರಲ್ಲಿ ಆಪರೇಟರ್ ತಲೆ ಎತ್ತದೆಯೇ ಹೇಳಿದಳು: "ಗುಬ್ಬೀದು ಗುಬ್ಬೀಲಿರ್ಲಿ, ಕುಣಿಗಲ್ದು ಕುಣಿಗಲ್ಲಲ್ಲಿರ್ಲಿ ಸರ್. ಇಲ್ಲಿ ಖಾಲಿ ಡಬ್ಬಿ ಬೇಕಾದಷ್ಟಿವೆ, ಪೂಜೆಗೆ ಇಡ್ತೀನಿ."

ಅಧ್ಯಕ್ಷರು ಫೋನ್ ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಎದ್ದು, ಶನಿವಾರದ ಟೇಪು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ. ಗುಬ್ಬಿ ಬಸ್ಸು ಆ ದಿನವೂ ತಡವಾಗಿಯೇ ಬಂತು.