ಬಾಯಿ ಮುಚ್ಚಿ ಮಂಡಿಯೂರಿದವರು

ಆ ವರ್ಷದ ನನ್ನ ದಿನಚರಿಯಲ್ಲಿ ಈ ವಿಷಯಕ್ಕೆ ಸಿಕ್ಕಿರುವ ಜಾಗ ಎರಡು ಸಾಲು. "ಬಿಷಪ್ಪರು ಬಂದಿದ್ದರು. ಅಮ್ಮ ಅವರೆದುರು ಮಾತಾಡಿದಳು." ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದ ನಾನು ಬರೆದದ್ದು ಇಷ್ಟೇ. ಇದು ಮರೆಯುವ ಸಂಗತಿಯೇ ಅಲ್ಲವೆಂದು ಅಂದುಕೊಂಡಿದ್ದೆ. ಈಗ ಹೆಚ್ಚು ಕಾಲವೇನೂ ಆಗಿಲ್ಲ, ಆಗಲೇ ನಾನೊಂದು ಹೇಳಿದರೆ ಅಲ್ಲಿದ್ದ ಇನ್ನೊಬ್ಬರು ಮತ್ತೊಂದು ಹೇಳುತ್ತಾರೆ. ಹಾಗಾಗಿ ಇಲ್ಲಿ ಬರುವ ಮಾತುಗಳನ್ನು ಅಕ್ಷರ ಅಕ್ಷರವಾಗಿ ನಂಬಬೇಕಿಲ್ಲ. ಮಾತಿನ ಹಿಂದಿದ್ದ ಹಟವನ್ನು ನಂಬಬಹುದು. ಅದನ್ನು ಕಟ್ಟಿ ಹೇಳುವ ಶಕ್ತಿ ನನಗಿಲ್ಲ.

ಬಣಕಲ್ಲಿನಿಂದ ಒಳಗೆ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮ ಮನೆ. ಅಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಎಸ್ಟೇಟಿನ ಗೌಡರು ಅಮ್ಮನನ್ನು ಪಲ್ಪರ್ ಮನೆಗೆ ಹಾಕಿಕೊಂಡರು. ಕಾಫಿ ತೊಳೆಯುವ ತೊಟ್ಟಿಗಳ ಹೆಂಗಸರೆಲ್ಲ ಅವಳ ಮಾತಿನಲ್ಲಿ ನಡೆಯುತ್ತಿದ್ದರು. ನಾನು ಮೈಸೂರಿನಲ್ಲಿ ಕನ್ಯಾಸ್ತ್ರೀಯರ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ, ಕ್ರಿಸ್ಮಸ್ ರಜೆಗೆ ಊರಿಗೆ ಬಂದಾಗ ಕೊಯ್ಲು ಜೋರಾಗಿರುತ್ತಿತ್ತು. ಕೂಲಿಯವರ ಲೈನ್ ಮನೆಗಳಲ್ಲಿ ಹೆಚ್ಚಿನವರು ಹಿಂದೂಗಳು. ನಮ್ಮ ಹಾಗೆ ಕಥೋಲಿಕರಾದ ಕೆಲವು ಮನೆಗಳಿದ್ದವು. ಗುಡ್ಡದ ಮೇಲೆ ನಮ್ಮದೊಂದು ಸಣ್ಣ ಇಗರ್ಜಿ, ಅಂದರೆ ಚರ್ಚು.

ಕೊಯ್ದ ಹಣ್ಣನ್ನು ಅದೇ ಸಂಜೆ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು. ಬೀಜಕ್ಕಂಟಿದ ಲೋಳೆ ಕಳಚಲು ಅದು ತೊಟ್ಟಿಯಲ್ಲಿ ಬೆಳಗಿನತನಕ ಹುಳಿಯಬೇಕು. ಲೋಳೆ ಬಿಟ್ಟ ಕೂಡಲೇ ನೀರಿಗಿಳಿದು ತುಳಿದು ತೊಳೆಯಬೇಕು. ತಡವಾದರೆ ಬೀಜ ನಾರುತ್ತದೆ, ಪಾರ್ಚ್‌ಮೆಂಟ್, ಅಂದರೆ ತೊಳೆದು ಒಣಗಿಸಿದ ಕಾಫಿ, ಕೆಡುತ್ತದೆ. ಶನಿವಾರದ ಹಣ್ಣಿಗೆ ಭಾನುವಾರ ಬೆಳಿಗ್ಗೆಯೇ ತೊಳೆತ. ಡಿಸೆಂಬರ್ ಚಳಿಯಲ್ಲಿ ಮಂಡಿಮಟ್ಟದ ಹಳ್ಳದ ನೀರು. ಹೊಟ್ಟೆಗೆ ಒಂದು ಲೋಟ ಬಿಸಿ ಕಾಫಿ ಬೀಳದೆ ಆ ನೀರಿಗೆ ಇಳಿದವರನ್ನು ನಾನು ಕಂಡಿಲ್ಲ.

ನಮ್ಮ ಧರ್ಮದ ಕಟ್ಟಳೆ ಬೇರೆ. ಪೂಜೆಯಲ್ಲಿ ಪರಮಪ್ರಸಾದ, ಅಂದರೆ ಪ್ರಭುವಿನ ಶರೀರವೆಂದು ನಾಲಿಗೆಯ ಮೇಲಿಡುವ ರೊಟ್ಟಿಯ ಚೂರು, ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು. ನೀರೂ ಇಲ್ಲ. ಚಿಕ್ಕಮಗಳೂರಿನಲ್ಲಿ ಎದ್ದು ಮುಖ ತೊಳೆದು ಏಳು ಗಂಟೆಯ ಪೂಜೆಗೆ ಹೋಗುವವರಿಗೆ ಅದೇನೂ ಕಷ್ಟವಲ್ಲ. ನಮ್ಮ ಸ್ವಾಮಿಗಳು, ಅಂದರೆ ಪಾದ್ರಿಗಳು, ಮೂಡಿಗೆರೆಯಲ್ಲಿ ಒಂದು ಪೂಜೆ ಮುಗಿಸಿ ಆಮೇಲೆ ನಮ್ಮ ಕಡೆ ಬರಬೇಕಿತ್ತು. ಯುದ್ಧಕಾಲ, ಪೆಟ್ರೋಲಿಲ್ಲ. ಇದ್ದಿಲಿನ ಗ್ಯಾಸಿನ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಜನ ಇಳಿದು ತಳ್ಳುತ್ತಿದ್ದರು, ಸ್ವಾಮಿಗಳೂ ನಿಲುವಂಗಿ ಎತ್ತಿ ಕಟ್ಟಿ ತಳ್ಳುತ್ತಿದ್ದರು. ಅವರೂ ಉಪವಾಸವೇ. ಪೂಜೆ ಶುರುವಾಗುವಾಗ ಮಧ್ಯಾಹ್ನ.

ಹೀಗಾಗಿ ಕೊಯ್ಲಿನ ತಿಂಗಳುಗಳಲ್ಲಿ ತೊಟ್ಟಿಯ ಹೆಂಗಸರು ಪೂಜೆಗೆ ಬಂದು ಹಿಂದೆ ಕೂರುತ್ತಿದ್ದರು. ಪೀಠದ ಮುಂದಿನ ಕಟಕಟೆಗೆ ಎಲ್ಲರೂ ಹೋಗಿ ಮಂಡಿಯೂರಿ ಪ್ರಸಾದ ತೆಗೆದುಕೊಳ್ಳುವಾಗ ಅವರು ಕೂತಲ್ಲೇ ಕೂತಿರುತ್ತಿದ್ದರು. ಅಮ್ಮನಿಗೆ ಅದು ಚಳಿಯ ಹಾಗೆ, ಪ್ರತಿ ವರ್ಷ ಬರುವಂಥದ್ದು. ಆಗ ಅವಳ ಮುಖವನ್ನು ನಾನು ನೋಡಿದ್ದೆನೇ? ನೋಡಿರಲಿಲ್ಲ ಅನ್ನಿಸುತ್ತದೆ. ನಾನು ಕಟಕಟೆಯಲ್ಲಿರುತ್ತಿದ್ದೆ.

ತೊಟ್ಟಿಯಲ್ಲಿ ಅಮ್ಮನ ಜೊತೆಗಾತಿ ಒಬ್ಬಳಿದ್ದಳು. ನಾನು ಚಿಕ್ಕಮ್ಮ ಎನ್ನುತ್ತಿದ್ದೆ. ಅವಳ ಗಂಡ ಸತ್ತು ವರ್ಷ ತುಂಬಿದ ಭಾನುವಾರ ಹೇಗಾದರೂ ಪ್ರಸಾದ ತೆಗೆದುಕೊಳ್ಳಬೇಕೆಂದು ಅವಳು ಬರಿಹೊಟ್ಟೆಯಲ್ಲೇ ನೀರಿಗಿಳಿದಳು. ಹಲ್ಲು ಕಟಕಟ ಎನ್ನುತ್ತಿದ್ದರೂ ತೊಳೆತ ಮುಗಿಸಿದಳು. ಸೀರೆ ಬದಲಿಸಿ ತೋಟದೊಳಗಿನ ಕಾಲುದಾರಿಯಲ್ಲಿ ಗುಡ್ಡ ಹತ್ತಿದಳು. ಪೂಜೆಯಲ್ಲಿ ಎಲ್ಲರ ಜೊತೆ ಹೋಗಿ ಮಂಡಿಯೂರಿದಳು. ಸ್ವಾಮಿಗಳು ಪಕ್ಕದವಳ ತನಕ ಬಂದಾಗ ಎದ್ದು ಹೊರಗೆ ಹೋಗಿಬಿಟ್ಟಳು.

ಅಂಥ ಹೊತ್ತಿನಲ್ಲಿ ಎದ್ದು ಹೋದರೆ ಜನ ಏನೆಂದುಕೊಳ್ಳುತ್ತಾರೆ? ಗಂಡಸಿಲ್ಲದ ಹೆಂಗಸು, ಏನೋ ದೊಡ್ಡ ಪಾಪವೇ ಇರಬೇಕು. ನಡೆದದ್ದು ಇಷ್ಟು: ಗುಡ್ಡ ಹತ್ತುವಾಗ ಗಿಡದಿಂದ ಒಂದು ಕಾಫಿ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು. ಕೊಯ್ಯುವವರಿಗೆಲ್ಲ ಆ ಅಭ್ಯಾಸ ಉಂಟು. ಸಿಹಿ ಸಿಪ್ಪೆ ಚೀಪಿ ಬೀಜ ಉಗಿಯುವುದು. ಕೈ ಕಿತ್ತದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಕಟಕಟೆಯಲ್ಲಿ ಮಂಡಿಯೂರಿದಾಗ ನಾಲಿಗೆಗೆ ಸಿಹಿ ಹತ್ತಿತು.

ಹೊರಗೆ ಗುರಿಕಾರರು ನಿಂತಿದ್ದರು. ಮರದ ಕಂಟ್ರಾಕ್ಟರು, ಇಗರ್ಜಿಯ ಹಿರಿಯರು, ಮುಂದಿನ ಬೆಂಚು ಅವರದು. ವಿಷಯ ತಿಳಿದು ಅವರಿಗೆ ಬೈಬಲಿನ ಮೊದಲ ಹೆಣ್ಣಿನ ಕಥೆ ನೆನಪಾಗಿ ನಗು.

"ಬಿಡು ಮಾರಾಯ್ತಿ, ಹಣ್ಣು ತಿಂದು ತೋಟದಿಂದ ಹೊರಗೆ ಹೋದೋಳು ನೀನೇ ಮೊದಲಲ್ಲ."

"ಆ ತೋಟದಲ್ಲಿ ಕೊಯ್ಲಿರ್ಲಿಲ್ಲ ಗುರಿಕಾರ್ರೆ," ಎಂದಳು ಚಿಕ್ಕಮ್ಮ. ಹೇಳಿ ಅತ್ತಳು. ಅಮ್ಮ ಅವಳನ್ನು ಕರೆದುಕೊಂಡು ಬಂದಳು.

ಬಿಷಪ್ಪರು ಬಂದದ್ದು ಅದಾಗಿ ಸ್ವಲ್ಪ ದಿನಕ್ಕೆ. ಇಡೀ ದೇಶದ ಬಿಷಪ್ಪರೆಲ್ಲ ಸೇರಿ ಒಂದು ಸಭೆ ಕಟ್ಟಿಕೊಂಡಿದ್ದಾರೆ, ನಮ್ಮವರೂ ಅದಕ್ಕೆ ಹೋಗಿದ್ದರು ಎಂದು ಸ್ವಾಮಿಗಳು ಮುಂಚೆಯೇ ಹೇಳಿದ್ದರು. ಪಲ್ಪರ್ ಮನೆಯಲ್ಲಿ ಅದೇ ಮಾತು.

"ಅಷ್ಟು ಜನ ಬಿಷಪ್ಪರು ಒಂದೇ ಕಡೆ ಸೇರಿ ಏನ್ಮಾಡ್ತಾರೆ?"

"ಒಬ್ಬರ ಉಂಗುರಕ್ಕೆ ಒಬ್ಬರು ಮುತ್ತಿಡೋಷ್ಟರಲ್ಲಿ ಸಂಜೆ ಆಗಿರುತ್ತೆ," ಎಂದಳು ಚಿಕ್ಕಮ್ಮ. ಬಿಷಪ್ಪರನ್ನು ಕಂಡರೆ ಅವರ ಉಂಗುರಕ್ಕೆ ಮುತ್ತಿಡುವುದು ನಮ್ಮ ಪದ್ಧತಿ. ಆಗಲೇ ಅವಳಿಗೆ ನಗು ವಾಪಸು ಬಂದಿತ್ತು.

ಪೂಜೆಯಾದ ಮೇಲೆ ಇಗರ್ಜಿಯ ಜಗಲಿಯಲ್ಲಿ ಬಿಷಪ್ಪರಿಗೆ ಕುರ್ಚಿ ಹಾಕಿದ್ದರು. ಅವರು ಸಭೆಯ ಬಗ್ಗೆ ಹೇಳಿದರು. ಇಷ್ಟು ದಿನ ಒಬ್ಬೊಬ್ಬ ಬಿಷಪ್ಪರ ಸೀಮೆ ಒಂದೊಂದು ಬೇಲಿ ಹಾಕಿದ ತೋಟದಂತಿತ್ತು. ಇನ್ನು ಶಾಲೆಗಳ ವಿಷಯ, ಆಸ್ಪತ್ರೆಗಳ ವಿಷಯ, ಕೂಲಿಯವರ ಕಷ್ಟ, ದೇಶ ಸ್ವತಂತ್ರವಾದಾಗ ನಾವು ನಿಲ್ಲುವ ಬಗೆ, ಇವನ್ನೆಲ್ಲ ಒಟ್ಟಿಗೆ ಕೂತು ಯೋಚಿಸುತ್ತಾರೆ. ತೋಟದ ಹೋಲಿಕೆ ಅವರದೋ ನನ್ನದೋ, ಈಗ ಹೇಳಲಾರೆ. "ನಿಮ್ಮದೇನಾದರೂ ಇದ್ದರೆ ಹೇಳಿ," ಎಂದದ್ದಂತೂ ನಿಜ. ಗುರಿಕಾರರು ಇಗರ್ಜಿಗೆ ದೊಡ್ಡ ಗಂಟೆ ಬೇಕೆಂದರು. ಅಮ್ಮ ಎದ್ದು ನಿಂತಳು.

"ಪಟಾಲಮ್ಮಿನವ್ರಿಗೆ ಸಂಜೆ ಹೊತ್ತು ಪೂಜೆ ಇದೆಯಂತೆ. ಹೌದಾ ಸ್ವಾಮಿ?"

"ಕೆಲವು ಕಡೆ ಸೈನಿಕರಿಗೆ ಇದೆಯಮ್ಮ. ಯುದ್ಧಕಾಲವೆಂದು ಸಂಜೆಯ ಪೂಜೆಗೂ, ಕೆಲವೇ ಗಂಟೆಯ ಉಪವಾಸಕ್ಕೂ ರೋಮಿನಿಂದ ಅನುಮತಿ ಬಂದಿದೆ."

"ಅವ್ರಿಗೆ ಬೆಳಿಗ್ಗೆ ಕೆಲಸ ಬಿಡಕ್ಕಾಗಲ್ಲ ಅಂತ?"

"ಹೌದು."

"ನಮಗೂ ಬಿಡಕ್ಕಾಗಲ್ಲ."

ಗುರಿಕಾರರು, "ಕೂತ್ಕೊಳ್ಳಮ್ಮ, ಕಾಫಿ ತೊಳೆಯೋದೂ ಒಂದು ಯುದ್ಧವಾ?" ಎಂದರು. ಮುಂದಿನ ಬೆಂಚಿನವರು ನಕ್ಕರು.

"ನಾಳೆ ಬೆಳಿಗ್ಗೆ ತೊಟ್ಟಿಗೆ ಇಳೀರಿ ಗುರಿಕಾರ್ರೆ. ಎದ್ದು ಬಂದ್ರೆ ನೀವೇ ಹೇಳಿ."

ಬಿಷಪ್ಪರು ನಗಲಿಲ್ಲ. ಭಾನುವಾರ ತೊಳೆಯದಂತೆ ಗೌಡರಿಗೆ ತಾವು ಹೇಳಬಹುದು ಎಂದರು. ಅಮ್ಮ ಬೇಡವೆಂದಳು. "ಕಾಫಿ ಕೊಳೆತ್ರೆ ನಮಗೇನು ಪುಣ್ಯ ಬರುತ್ತೆ ಸ್ವಾಮಿ? ನಾವೇ ಕೊಯ್ದಿದ್ದು ಅದು. ಪೂಜೆ ಸಂಜೆಗೆ ಬರ್ಲಿ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡ್ದವ್ರೂ ಸಂಜೆ ತನಕ ಉಪವಾಸ ಇರ್ತೀವಿ."

ಅವರು ಸಮಾಧಾನದಿಂದ, ಬಿಡಲಾಗದ ಕೆಲಸವಿದ್ದವರು ಪ್ರಸಾದ ತೆಗೆದುಕೊಳ್ಳದಿದ್ದರೆ ಪಾಪವೇನೂ ಇಲ್ಲ ಎಂದು ವಿವರಿಸಿದರು.

"ಪಾಪ ಇಲ್ಲ ಅಂತ ಹೇಳಿಸ್ಕೊಳ್ಳೋಕೆ ನಿಂತಿಲ್ಲ ನಾನು. ಊಟಕ್ಕೆ ಕರೀರಿ ಅಂತ ನಿಂತಿದ್ದೀನಿ."

ಆಮೇಲೆ ಬಿಷಪ್ಪರು ಹೇಳಿದ್ದು ಇದು: ಆ ಅನುಮತಿ ಕೊಡುವ ಅಧಿಕಾರ ತಮಗಿಲ್ಲ. ಆ ದೊಡ್ಡ ಸಭೆಗೂ ಇಲ್ಲ. ಅದು ತನ್ನ ಸದಸ್ಯರಲ್ಲಿ ಯಾರಿಗೂ ಅಪ್ಪಣೆ ಮಾಡುವಂತಿಲ್ಲ. ಎಲ್ಲರೂ ಸೇರಿ ಒಂದೇ ದನಿಯಲ್ಲಿ ರೋಮನ್ನು ಕೇಳಬಹುದು, ಅಷ್ಟೇ.

"ಹಂಗಾದ್ರೆ ಕೇಳಿ," ಎಂದಳು ಅಮ್ಮ.

"ಅಲ್ಲಿ ಹೇಳುತ್ತೇನೆ. ಅವರು ಕೇಳುತ್ತಾರೆಂದು ಮಾತು ಕೊಡಲಾರೆ."

ನನಗೆ ರೇಗಿಹೋಯಿತು. ಮುಂದಾಳು ಎಂದರೆ ಅಪ್ಪಣೆ ಕೊಡುವವನು ಎಂದು ನನ್ನ ಇತಿಹಾಸದ ಪುಸ್ತಕಗಳೆಲ್ಲ ಕಲಿಸಿದ್ದವು. ಇಷ್ಟು ಜನ ದೊಡ್ಡವರು ಸೇರುವುದು ಬರಿದೇ ಕೇಳುವುದಕ್ಕೇ? ಮನೆಯಲ್ಲಿ ಹಾಗೆಂದಾಗ ಅಮ್ಮ, "ಸುಳ್ಳು ಹೇಳಿ ಹೋಗ್ಲಿಲ್ವಲ್ಲ. ಅವ್ರಿಗೂ ಕೇಳೋದೊಂದೇ ದಾರಿ ಅಂದ್ರೆ, ನಮಗೂ ಅದು ಬರುತ್ತೆ," ಎಂದಳು. ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತೇನೆಂದೆ. "ಕಾಗದ ಪೆಟ್ಟಿಗೆ ಸೇರುತ್ತೆ ಮಾರಾಯ್ತಿ. ಮನುಷ್ಯರನ್ನ ಪೆಟ್ಟಿಗೆಗೆ ಹಾಕಕ್ಕಾಗಲ್ಲ."

ಮುಂದಿನ ಭಾನುವಾರ ಪ್ರಸಾದದ ಹೊತ್ತಿಗೆ ತೊಟ್ಟಿಯ ಹೆಂಗಸರೆಲ್ಲ ಎದ್ದರು. ಬಿಸಿ ಕಾಫಿ ಕುಡಿದು, ತೊಳೆತ ಮುಗಿಸಿ ಬಂದವರು. ಸೀರೆಯ ಅಂಚು ಇನ್ನೂ ಒದ್ದೆ, ಮೈಯಲ್ಲಿ ಲೋಳೆಯ ಹುಳಿವಾಸನೆ. ಸಾಲಾಗಿ ಹೋಗಿ ಕಟಕಟೆಯಲ್ಲಿ ಮಂಡಿಯೂರಿ ಬಾಯಿ ಮುಚ್ಚಿಕೊಂಡರು. ಪ್ರಸಾದ ತೆಗೆದುಕೊಳ್ಳದವರು ಅಲ್ಲಿ ಮಂಡಿಯೂರಬಾರದು ಎಂದು ಯಾವ ಕಟ್ಟಳೆಯಲ್ಲೂ ಇಲ್ಲ. ಸ್ವಾಮಿಗಳು ಅಮ್ಮನೆದುರು ಪ್ರಸಾದ ಎತ್ತಿ ಹಿಡಿದರು. ಅವಳು ತುಟಿ ಬಿಚ್ಚಲಿಲ್ಲ, ಕಣ್ಣನ್ನು ಮಾತ್ರ ಅದರಿಂದ ತೆಗೆಯಲಿಲ್ಲ. ಸ್ವಾಮಿಗಳು ಮುಂದಿನವಳ ಬಳಿ ಹೋದರು. ಅವಳ ಬಾಯಿಯೂ ಮುಚ್ಚಿತ್ತು. ಅದರ ಮುಂದಿನವಳದೂ.

ಪೂಜೆಯಾದ ಮೇಲೆ ಸ್ವಾಮಿಗಳು ಅಮ್ಮನನ್ನು ಕರೆಸಿದರು.

"ನನ್ನನ್ನ ಪರೀಕ್ಷೆ ಮಾಡ್ತಿದ್ದೀಯೇನಮ್ಮ? ನಾನೂ ನೀರು ಮುಟ್ಟಿಲ್ಲ."

"ಗೊತ್ತು ಸ್ವಾಮಿ. ನಿಮಗೂ ಸೇರಿಸೇ ಕೇಳ್ತಿರೋದು."

ಆಮೇಲೆ ಗುರಿಕಾರರು ಬಂದು, ಇವರನ್ನು ಕಟಕಟೆಗೆ ಬಿಡಬಾರದು ಎಂದು ಪಟ್ಟು ಹಿಡಿದಾಗ ಸ್ವಾಮಿಗಳು, "ಮಂಡಿ ಊರಿದವರನ್ನ ಎಬ್ಬಿಸೋಕೆ ನಾನು ಪಾದ್ರಿ ಆಗಿಲ್ಲ," ಎಂದರಂತೆ. ಇದನ್ನು ನಾನು ಕೇಳಿಸಿಕೊಂಡಿಲ್ಲ, ಚಿಕ್ಕಮ್ಮ ಹೇಳಿದ್ದು. ಅವಳು ಒಳ್ಳೆಯ ಮಾತುಗಳನ್ನು ಇನ್ನಷ್ಟು ಒಳ್ಳೆಯದು ಮಾಡುವವಳು. ಎಬ್ಬಿಸಲಿಲ್ಲ ಎನ್ನುವುದಕ್ಕಂತೂ ನನ್ನ ರಜೆ ಮುಗಿಯುವತನಕ ನಾನೇ ಸಾಕ್ಷಿ. ಆ ಕೊಯ್ಲು ಮುಗಿಯುವತನಕ ಪ್ರತಿ ಭಾನುವಾರ ಅದೇ ಸಾಲು, ಅದೇ ಮುಚ್ಚಿದ ಬಾಯಿಗಳು.

ಮರುವರ್ಷದ ಕೊಯ್ಲಿನಲ್ಲಿ ಬಿಷಪ್ಪರು ಮತ್ತೆ ಬಂದರು. ಯುದ್ಧ ಮುಗಿದಿತ್ತು. ಪೂಜೆಗೆ ಮುಂಚೆ ಅವರೇ ಅಮ್ಮನನ್ನು ಹುಡುಕಿಕೊಂಡು ಜಗಲಿಯ ಕೊನೆಗೆ ಬಂದರು.

"ಸಭೆಯಲ್ಲಿ ಹೇಳಿದೆನಮ್ಮ. ಕೆಲವರು ತಮ್ಮ ಕಡೆಯೂ ಹೀಗೇ ಇದೆ ಎಂದರು, ಗಣಿಯವರು, ಗಿರಣಿಯವರು. ಕೆಲವರು ಈಗಲೇ ಬೇಡವೆಂದರು. ಇನ್ನೂ ಒಂದೇ ದನಿ ಆಗಿಲ್ಲ. ಯುದ್ಧವೂ ಮುಗಿಯಿತಲ್ಲ, ಇದ್ದ ಅನುಮತಿಯೇ ಉಳಿಯುತ್ತದೋ ಇಲ್ಲವೋ."

"ಅವ್ರ ಯುದ್ಧ ಮುಗೀತು ಸ್ವಾಮಿ. ನಮ್ಮ ಕೊಯ್ಲು ಮುಗಿದಿಲ್ಲ."

ಅವತ್ತು ನಾನೂ ಒಂದು ತೀರ್ಮಾನ ಮಾಡಿದ್ದೆ. ನಾನು ತೊಟ್ಟಿಗಿಳಿದವಳಲ್ಲ, ಉಪವಾಸವಿದ್ದೆ, ಪ್ರಸಾದ ತೆಗೆದುಕೊಳ್ಳಲು ಅಡ್ಡಿಯಿರಲಿಲ್ಲ. ಆದರೂ ಅಮ್ಮನ ಪಕ್ಕ ಮಂಡಿಯೂರಿ ಅವರಂತೆ ಬಾಯಿ ಮುಚ್ಚಿಕೊಂಡೆ. ಬಿಷಪ್ಪರು ಒಬ್ಬೊಬ್ಬರ ಮುಂದೆಯೂ ನಿಂತು ಬರುತ್ತಿದ್ದರು. ಅಮ್ಮ ಮೊಣಕೈಯಿಂದ ತಿವಿದಳು.

"ಬಾಯಿ ತೆಗಿ."

ನಾನು ಒಲ್ಲೆನೆಂದು ತಲೆಯಾಡಿಸಿದೆ.

"ಸಿಗೋದನ್ನ ಬಿಡೋದು ಹಟ ಅಲ್ಲ, ಸೊಕ್ಕು. ತೆಗಿ."

ತೆಗೆದೆ. ಬಿಷಪ್ಪರು ನನ್ನ ನಾಲಿಗೆಯ ಮೇಲೆ ಪ್ರಸಾದ ಇಟ್ಟರು. ಅಮ್ಮ ತಿರುಗಿ ನೋಡುತ್ತಿದ್ದಳು, ನನ್ನನ್ನಲ್ಲ, ಅದನ್ನು. ಹಸಿದವರು ಬೇರೆಯವರ ತಟ್ಟೆ ನೋಡುವ ಹಾಗೆ, ಮುಚ್ಚುಮರೆಯಿಲ್ಲದೆ. ಇಷ್ಟು ವರ್ಷ ಅವಳು ಏನನ್ನು ಬಿಟ್ಟು ಕೂತಿದ್ದಳೆಂದು ನನಗೆ ತಿಳಿದದ್ದು ಆಗ. ಬಿಷಪ್ಪರು ಅವಳ ಮುಂದೆ ಬಹಳ ಹೊತ್ತು ನಿಂತರು, ಅವರ ಕಣ್ಣು ಒದ್ದೆಯಾಗಿತ್ತು ಎನ್ನುತ್ತಾಳೆ ಚಿಕ್ಕಮ್ಮ. ಎಲ್ಲರ ಮುಂದೆ ನಿಂತಷ್ಟೇ ನಿಂತರು ಎನ್ನುತ್ತಾಳೆ ಅಮ್ಮ. ನಾನು ತಲೆ ತಗ್ಗಿಸಿದ್ದೆ.

ಉತ್ತರ ಇನ್ನೂ ಬಂದಿಲ್ಲ. ಬಿಷಪ್ಪರ ಸಭೆ ಮತ್ತೆ ಸೇರುತ್ತದಂತೆ. ಹೊಸ ದೇಶ ಬರುತ್ತಿದೆ, ಅವರಿಗೆ ಕೇಳುವುದಕ್ಕೆ ಬೇರೆ ದೊಡ್ಡ ವಿಷಯಗಳಿವೆ ಎಂದು ಗುರಿಕಾರರು ಹೇಳುತ್ತಾರೆ. ಇರಬಹುದು. ನಿನ್ನೆ ಶನಿವಾರ ಹಣ್ಣು ಬಹಳ ಬಂದಿತ್ತು, ತೊಟ್ಟಿಗಳೆಲ್ಲ ತುಂಬಿವೆ. ಅಮ್ಮ ಕಾಫಿ ಕುಡಿದು ಈಗಷ್ಟೇ ನೀರಿಗಿಳಿದಳು. ಮಂಡಿ ನೋವು ಎನ್ನುತ್ತಿದ್ದಾಳೆ. ಇವತ್ತೊಂದು ದಿನ ಮಧ್ಯಾಹ್ನದ ಪೂಜೆಯಲ್ಲಿ ಕಟಕಟೆಗೆ ಹೋಗದೆ ಕೂತೇ ಇರು ಎಂದೆ.

"ಕೂತ್ರೆ ಕೇಳೋದು ನಿಂತ್ಹಂಗೆ," ಎಂದಳು.

ಇದನ್ನಾದರೂ ಅವಳು ಹೇಳಿದ ದಿನವೇ ಬರೆದಿಡುತ್ತಿದ್ದೇನೆ.